ಥಾಕು ಹರಿಕಂತ್ರನ ಕಿವಿ

ಬೈತಖೋಲ ಬಂದರದಲ್ಲಿ ಬೋಟಿನ ಎಂಜಿನ್
ಬಿಚ್ಚಿ ಕಟ್ಟುವವನು. ಮೂವತ್ತು ವರ್ಷದ ಡೀಸೆಲ್
ಉಗುರಿನಿಂದ ಇನ್ನೂ ಹೋಗಿಲ್ಲ; ಬೆರಳ ಕ್ಲಿಪ್ಪು
ಮೂರನೇ ಸಲಕ್ಕೆ ನಾಡಿ ಹಿಡಿಯಿತು.
ಕಣ್ಣು ಮುಚ್ಚಿ ಕೇಳಿದ.
"ಬಾಯೋರೆ, ನಿಮ್ಮ ಮಶಿನು ಎಪ್ಪತ್ತೆರಡರ ಮೇಲೆ ಉಂಟಲ್ಲ?"
ತಿರುಗಿ ನೋಡಿದೆ: ಎಪ್ಪತ್ತಮೂರು.

ಹಾಲಿನಂಥದ್ದು ನರಕ್ಕಿಳಿಯಿತು. "ಕೈ ಉರೀತದೆ" ಅಂದ,
ಇನ್ನೇನೋ ಅನ್ನಲಿದ್ದ.
ರೆಪ್ಪೆ ಮುಟ್ಟಿದರೆ ಮಿಸುಕಲಿಲ್ಲ.
ಅರವತ್ತು. ಐವತ್ತೆರಡು.
ರಕ್ತದ ಒತ್ತಡ ಇಳಿತದ ನೀರು,
ಸದ್ದಿಲ್ಲದೆ ಹಿಂದೆ ಸರಿಯಿತು.

ಬ್ಲೇಡಿನಿಂದ ನಾಲಿಗೆ ಎತ್ತಿದೆ.
ದನಿತಂತುಗಳ ಬಿಳಿ ಅಂಚು ಕಂಡದ್ದೇ ತಡ
ಮನುಷ್ಯ ಮಲಗಿಯೇ ಇದ್ದ, ಎದೆ ಎದ್ದು ಕೂತಿತು:
ನೂರ ಹತ್ತು. ನೂರ ಮೂವತ್ತೆರಡು.
ನಡುವೆ ಒಂದು ಬಡಿತ ಸರದಿ ಮೀರಿ ನುಗ್ಗಿ
ಆಮೇಲೆ
ಖಾಲಿ.
ನಾನು ಸಿಸ್ಟರ್ ವೈಜಯಂತಿಯ ಮುಖ ನೋಡಿದೆ,
ಅವಳು ಔಷಧದ ಟ್ರೇ.

"ಒಂದು ಮಿಸ್ ಹೊಡೆದ್ರೆ ಗಾಬರಿ ಬೀಳೂದಲ್ಲ,
ಇನ್ನೊಂದು ಹೊಡೀತದಾ ಕೇಳೂದು."
ನಿನ್ನೆ ವಾರ್ಡಿನಲ್ಲಿ ಎಂಜಿನ್ನಿನ ಬಗ್ಗೆ ಹೇಳಿದ್ದ.
ಕೊಳವೆ ಇಳಿಸಿದೆ. ಕೇಳಿದೆ.
ಎದೆಯ ಎರಡೂ ಕಡೆ ಗಾಳಿ.
ನೂರ ಹದಿನೆಂಟು. ತೊಂಬತ್ತಾರು.
ತುಂಬಿಸಿದ ಸಿರಿಂಜು ಕೈಯಲ್ಲೇ ಉಳಿಯಿತು.

ಪಿತ್ತಕೋಶದ ಕಲ್ಲುಗಳನ್ನು ಬಾಟಲಿಯಲ್ಲಿ ತೋರಿಸಿದರು,
ಅವನಿಗೆ ಅದರ ಮೇಲೆ ಮನಸ್ಸಿಲ್ಲ.
ಒಡೆದ ದನಿಯಲ್ಲಿ ನನ್ನ ಕೇಳಿದ:
"ಎಷ್ಟರ ತನಕ ಹೋಗಿತ್ತು?"
ಹೇಳಿದೆ. ಒಂದು ಮಿಸ್ ಆದದ್ದನ್ನೂ.

"ಅಡ್ಡಿಲ್ಲ ಬಾಯೋರೆ,
ದೊಡ್ಡ ತೆರೆಗೆ ಬೋಟು ಹಿಂದಿಂದ ಎದ್ದು
ಫ್ಯಾನು ನೀರು ಬಿಟ್ಟರೆ
ಎಂಜಿನ್ನು ಹಾಗೇ ಕೂಗೂದು."