ದೂಡಬೇಡ

ಮೊದಲ ವರ್ಷ ಮೋರಾಗ್ ಕಲಿತದ್ದು
ಬಾಗಿಲು ತಟ್ಟುವುದನ್ನು.
ತಟ್ಟಿ, ಪರದೆಯ ಈಚೆ ಒಂದು ಕ್ಷಣ ನಿಲ್ಲುವುದನ್ನು.

ಇದು ಮೂರನೆಯದು. ಹ್ಯಾಲಿಫ್ಯಾಕ್ಸ್, ಫೆಬ್ರವರಿ,
ರಾತ್ರಿ ಎರಡೂವರೆ. ಬಂದರಿನ ಮೇಲೆ ಹಿಮ.
ಹದಿನಾಲ್ಕು ಗಂಟೆಯಿಂದ ಒಂದು ಹನಿ ಇಳಿಯದ ಲಾಕ್ಲಿನ್,
ಎಪ್ಪತ್ತೆಂಟು ವರ್ಷ, ಲಾಬ್‌ಸ್ಟರ್ ಹಿಡಿಯುವವನು,
"ಗಂಡಸು ಡಾಕ್ಟರಿಲ್ಲವೇ?" ಎಂದು ಗೋಡೆಯನ್ನು ಕೇಳಿದ.

"ಇದ್ದಾರೆ. ಮನೆಯಲ್ಲಿ ನಿದ್ದೆ ಮಾಡ್ತಿದ್ದಾರೆ."
ಅದು ನಾನು. ನಿದ್ದೆ ಎಲ್ಲಿಂದ,
ಫೋನಿನ ಪಕ್ಕ ಕೂತಿದ್ದೆ.

ಹಾಡುತ್ತ ಹಾಡುತ್ತ ರಾಗ ಅನ್ನುತ್ತಾರೆ.
ಇಲ್ಲಿ ಅಪಸ್ವರ
ಇನ್ನೊಬ್ಬರ ಮೈಯೊಳಗೆ ಆಗುತ್ತದೆ.
ಅದಕ್ಕೇ ಹೇಳಿದ್ದನ್ನೇ ಹೇಳುತ್ತೇನೆ:
ದೂಡಬೇಡ. ತಡೆ ಸಿಕ್ಕಲ್ಲಿ ನಿಲ್ಲು.
ಆತ ಉಸಿರು ಬಿಡಲಿ, ಸ್ನಾಯು ತಾನೇ ದಾರಿ ಬಿಡುತ್ತದೆ.
ಪುಸ್ತಕದಲ್ಲಿ ಅರ್ಧ ಸಾಲು;
ಬೆರಳಿಗೆ ಇಳಿಯಲು ಐದು ವರ್ಷ.
ಅಷ್ಟರಲ್ಲಿ ಅವಳ ಅಡುಗೆಮನೆಯ ಡ್ರಾಯರಿನ ಹಿಡಿಗೆಲ್ಲ
ರೇಷ್ಮೆ ದಾರದ ಗಂಟು,
ಎರಡು ಸಲ ಮುಂದಕ್ಕೆ ಹೋದ ಮದುವೆ,
ಕಿಡ್ನಿ ಕಲ್ಲು ಹುಡುಕುವ ಕನಸು.

ದೋಣಿಯ ಹೆಸರೇನು, ಕೇಳಿದಳು.
ಹೆಂಡತಿಯದೇ, ಎಂದ. ತಡೆದು, "ಫ್ಲೋರಾ."
ಆ ಹೆಸರಿನ ಕೊನೆಗೆ ಬಂದ ಉಸಿರಿನಲ್ಲಿ
ಕೊಳವೆ ಒಳಗೆ ಹೋಯಿತು.

ಸಾವಿರದ ಇನ್ನೂರು ಮಿಲಿಲೀಟರ್.
ಚೀಲ ತುಂಬುವ ಸದ್ದು ಕೇಳುತ್ತ ಮುದುಕ ಅತ್ತನಂತೆ,
ಆಮೇಲೆ ಅವಳು ಹಾಕಿದ ಗಂಟು ಬಿಗಿಯಿಲ್ಲವೆಂದು
ಚೀಲದ ದಾರ ತಾನೇ ಬಿಚ್ಚಿ ಕಟ್ಟಿದನಂತೆ.

ನಾಲ್ಕಕ್ಕೆ ಫೋನು. ಅಂಕಿ ಹೇಳಿದಳು, ಬಣ್ಣ ಹೇಳಿದಳು,
ದೋಣಿಯ ಹೆಸರನ್ನೂ.
ವರದಿಯಲ್ಲಿ ಅದಕ್ಕೆ ಜಾಗವಿಲ್ಲ.
ಬೇಡ ಅನ್ನಲಿಲ್ಲ ನಾನು.