ಸೊನ್ನೆ ಬಿಲ್ಲು

ಹೋದ ತಿಂಗಳವರೆಗೂ ನಮ್ಮ ಬಿಲ್ಲು ಸೊನ್ನೆ.
ಮೀಟರು ಓದುವ ಜವರಪ್ಪ ಚೀಟಿ ಹರಿದುಕೊಟ್ಟು
“ಪುಣ್ಯವಂತರು ಕಣಕ್ಕ” ಅಂತ ನೀರು ಕುಡಿದು ಹೋಗುತ್ತಿದ್ದ.

ಈಗ ಗುತ್ತಲು ರಸ್ತೆಯಲ್ಲಿ, ನಮ್ಮ ಗೇಟಿನೊಳಗೆ,
ಕಂತಿನ ಬಿಳಿ ಕಾರು.
ಕಿಟಕಿಯಿಂದಿಳಿದ ವೈರು ನಲ್ಲಿ ಬಳಸಿ, ಚಪ್ಪಲಿ ಗೂಡು ದಾಟಿ
ರಾತ್ರಿಯಿಡೀ ಅದಕ್ಕೆ ಉಣಿಸುತ್ತದೆ.
ಬಾಣಂತಿ ಕೋಣೆಯ ಹಾಗೆ ಒಂದೇ ಒಂದು ಹಸಿರು ದೀಪ.

ಇವರು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸುತ್ತಾರೆ:
ಮೈಸೂರಿಗೆ ಹೋಗಿಬಂದರೆ ಎರಡು ಮಸಾಲೆದೋಸೆ ಕಾಸು ಕಣೇ, ಅಷ್ಟೇ.
ಪೆಟ್ರೋಲಾಗಿದ್ದರೆ ಇಡೀ ಹೋಟೆಲು!
ಲೆಕ್ಕ ಸರಿಯೇ. ನಾನೂ ಕೂಡಿ ನೋಡಿದೆ.

ಆ ಹಾಳೆಯ ಮೇಲೆ ಬಾರದ್ದು:
ಗೀಸರು ಬಿಟ್ಟು ಹಿತ್ತಲಲ್ಲಿ ನಾನು ಮತ್ತೆ ಹಚ್ಚಿದ ಹಂಡೆ ಒಲೆಯ ಹೊಗೆ,
ಕಾರು ಉಂಡೇಳಲಿ ಎಂದು ಹಿಟ್ಟು ರುಬ್ಬದೆ ಕಾದ ಬೆಳಗು,
ನಡುರಾತ್ರಿ ಕರೆಂಟು ಹೋದಾಗ ದಡಕ್ಕನೆ ಎದ್ದು ಕೂತ ಇವರು —
ಮಗಳು ಅತ್ತಾಗ ಒಮ್ಮೆಯೂ ಎದ್ದವರಲ್ಲ.

ಈ ತಿಂಗಳು ಇನ್ನೂರು ದಾಟಿತು.
ಚೀಟಿ ಮೊಳದುದ್ದ.
ಜವರಪ್ಪ ನೀರು ಕೇಳಲಿಲ್ಲ; ಕಾರಿನ ಸುತ್ತ ಒಂದು ಸುತ್ತು ಬಂದು
“ಎಷ್ಟು ಕೊಡ್ತದಕ್ಕ?” ಅಂದ.

ಇವರು ಕಿಲೋಮೀಟರು ಹೇಳತೊಡಗಿದರು.
ನಾನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಅಕ್ಕಿ ಡಬ್ಬಿಯ ಕೆಳಗಿಟ್ಟೆ.