ಎರಡು ವರಸೆ ಇಟ್ಟಿಗೆ

"ಎಷ್ಟು ಎತ್ತರ ಇಡ್ಲಿ ಅಮ್ಮ, ಕಟ್ಟೆ?"
ಟೇಪು ಎಳೆದು ನಿಂತ ಮೇಸ್ತ್ರಿ ಅರುಳಪ್ಪ.
ಈ ಮನೆಗೆ ಬಂದು ಇಪ್ಪತ್ತಾರು ವರ್ಷ,
ಉಪ್ಪೆಷ್ಟು ಎಂದು ಕೇಳಿದ್ದಾರೆ, ಸಾಲವೆಷ್ಟು ಎಂದೂ.
ನಾನೆಷ್ಟು ಎಂದು ಅಳೆದವನು
ರವಿಕೆ ಹೊಲಿಯುವವನೊಬ್ಬನೇ.

ಕಬ್ಬನ್‌ಪೇಟೆಯ ಈ ಗಲ್ಲಿಗೆ ಆಟೋ ಬರುವುದಿಲ್ಲ.
ಒಡೆದ ಅಡುಗೆಮನೆ ಸಿಮೆಂಟಿನ ಖಾಲಿ ಚೀಲಗಳಲ್ಲಿ ತುಂಬಿಕೊಂಡು
ರಾತ್ರಿ ಹತ್ತರ ಮೇಲೆ, ತಲೆಯ ಮೇಲೆ,
ಅವೆನ್ಯೂ ರಸ್ತೆಯ ಕಡೆ ನಡೆಯಿತು.
ಮೊದಲು ಹೊರಟದ್ದು ಕಡಪ ಕಲ್ಲು.
ಅಂಚಿನಲ್ಲಿ ಒಂದು ಗೇಣು ಮಾತ್ರ ನುಣುಪು.
ಅಲ್ಲಿ ನನ್ನ ತೊಡೆ ತಾಗುತ್ತಿತ್ತು.
ಹಿಂದೆಯೇ ಸಿಂಕು, ಸಿಂಕಿನಡಿಯ ಜಿರಲೆಗಳ ತುಂಬು ಸಂಸಾರ,
ಗೋಡೆಯಲ್ಲಿ ಸೀಮೆಎಣ್ಣೆಯ ಮಸಿ,
ಅದರಡಿಯಲ್ಲಿ ಸೌದೆಯ ಮಸಿ,
ಅದಕ್ಕೂ ಅಡಿಯಲ್ಲಿ, ಯಾರ ಆಸೆಯೋ, ನೀಲಿ ಸುಣ್ಣ.

ನೆಲ ಅಗೆದರೆ ಮಗ್ಗದ ಗುಂಡಿ.
ಮಾವನ ಅಪ್ಪ ಕಾಲು ಇಳಿಬಿಟ್ಟು ಕೂತು
ನೆಯ್ದು ನೆಯ್ದು ಮನೆ ಮಾಡಿದ ಜಾಗ.
ಅದನ್ನು ಮುಚ್ಚಿ, ಅದರ ಮೇಲೆ ನಿಂತು
ನಾವು ಇಷ್ಟು ವರ್ಷ ಒಗ್ಗರಣೆ ಹಾಕಿದ್ದೇವೆ.
ಟೈಲ್ಸಿನ ಹುಡುಗ ಇರ್ಷಾದ್ ಮಣ್ಣು ಕೊಡವಿ ಎತ್ತಿದ
ಮುರಿದ ಲಾಳಿಯೊಂದನ್ನು:
"ಇದೇನು ಆಂಟಿ, ಆಟದ ದೋಣಿಯಾ?"
ಹೌದೆಂದೆ. ಮಗನಿಗೆ ಕೊಡುತ್ತೇನೆಂದು ಜೇಬಿಗಿಟ್ಟ.

ನಾನು ಐದಡಿ ಎಂಟಿಂಚು.
ಕೊಳ್ಳೇಗಾಲದಿಂದ ಬಂದಿಳಿದ ದಿನವೇ
ಗಲ್ಲಿಯ ಹೆಂಗಸರು ಇಟ್ಟ ಹೆಸರು ಏಣಿ.
ಕಟ್ಟೆ ಇದ್ದದ್ದು ಇಪ್ಪತ್ತೇಳೂವರೆ ಇಂಚು.
ಅತ್ತೆ ಕುಳ್ಳಿ. ಲೆಕ್ಕ ಸರಿಹೋಯಿತು:
ತನ್ನಳತೆಗೆ ಕಟ್ಟಿಸಿಕೊಂಡು
ನನ್ನ ಬೆನ್ನು ಬಗ್ಗಿಸಿದವಳು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು "ಏನು ಕೆಲಸ ಮಾಡ್ತೀರಿ?" ಎಂದಾಗ
"ಏನೂ ಇಲ್ಲ, ಮನೇಲೇ" ಎಂದವಳು
ಮನಸ್ಸಿನಲ್ಲಿ ಅವಳ ಹೆಸರು ಹೇಳಿದ್ದೆ.
ಚಪಾತಿ ಒತ್ತುವಾಗೆಲ್ಲ ಹೇಳಿದ್ದೆ.

ಇವತ್ತು ಅತ್ತೆ ಚೌಡಮ್ಮ ಚೌಕಟ್ಟು ಹಿಡಿದು ನಿಂತು
ಧೂಳಿಗೆ ಸೆರಗು ಮುಚ್ಚಿಕೊಂಡೇ ನಕ್ಕರು:
"ನನ್ನಳತೆ ಯಾವನೇ ತಗೊಂಡ?
ಇಟ್ಟಿಗೆ ಸಾಲ್ಲಿಲ್ಲ ಕಣೇ, ಎರಡು ವರಸೆ ಕಮ್ಮಿ ಬಿತ್ತು.
ನಿಮ್ಮಾವ ನಾಳೆ ತರ್ತೀನಿ ಅಂದ್ರು.
ನಾಳೆ ನೂಲಿನ ರೇಟು ಏರ್ತು,
ನಾಳಿದ್ದು ಹಬ್ಬ ಬಂತು, ಕಲ್ಲು ಹಾಸಿಬಿಟ್ರು.
ನಂಗೂ ತಗ್ಗೇ ಆಗ್ತಿತ್ತು, ಇನ್ನೇನು ಮಾಡ್ಲಿ."

ಎರಡು ವರಸೆ. ಏಳಿಂಚು.
ಇಪ್ಪತ್ತಾರು ವರ್ಷ ಒಳಗೊಳಗೇ ಆಡಿದ ಜಗಳ
ಹಾಗಾದರೆ ಯಾರ ಜೊತೆ?
ಚೀಲಗಳೆಲ್ಲ ತುಂಬಿ ಬಾಯಿ ಕಟ್ಟಾಗಿದೆ.
ಇದನ್ನು ಈಗ ಯಾವುದರಲ್ಲಿ ತುಂಬಲಿ?

"ಅಮ್ಮ, ಸಿಮೆಂಟು ಕಲೆಸಾಗಿದೆ."
ಬರಿದಾದ ಅಡುಗೆಮನೆಯ ನಡುವೆ ನಿಂತು
ಕಣ್ಣು ಮುಚ್ಚಿ, ಇಲ್ಲದ ಮಣೆಯ ಮೇಲೆ
ಇಲ್ಲದ ಹಿಟ್ಟಿನುಂಡೆಯನ್ನು ಲಟ್ಟಿಸಿದೆ.
ಇರ್ಷಾದ್ ಕಿಸಕ್ಕೆಂದ. ಅರುಳಪ್ಪ ನಗಲಿಲ್ಲ,
ನನ್ನ ಮೊಣಕೈ ನೋಡಿ, ಅಂಗೈ ನೋಡಿ,
ಕಿವಿಯಿಂದ ಪೆನ್ಸಿಲ್ ತೆಗೆದು ಗೋಡೆಗೊಂದು ಗೆರೆ ಎಳೆದ.
ಗುರುವಾರ ಜಿಗಣಿಯಿಂದ ಗ್ರಾನೈಟು ಬರುತ್ತದೆ.

ಅತ್ತೆ ಹೋಗಿ ಗೆರೆಯ ಪಕ್ಕ ನಿಂತರು.
ಎದೆಮಟ್ಟ.
ಕೈಯೆತ್ತಿ ಗಾಳಿಯಲ್ಲಿ ಏನೋ ತಡಕಿದರು.
"ಉಪ್ಪಿನ ಡಬ್ಬಿ ಮಾತ್ರ ಕೆಳಗಿಡು."

ಅಲ್ಲಿಯವರೆಗೆ ಅಡುಗೆ ಮೆಟ್ಟಿಲ ಕೆಳಗೆ,
ಎರವಲು ತಂದ ಇಂಡಕ್ಷನ್ ಒಲೆ, ಒಂದು ಬಕೆಟ್ ಕಾವೇರಿ.
ತಲೆ ತಾಗುತ್ತದೆಂದು ನಾನೂ ಕುಕ್ಕರುಗಾಲಲ್ಲಿ,
ಮಂಡಿ ನೋವೆಂದು ಅವರು ಮಣೆಯ ಮೇಲೆ.
ಕೂತರೆ ಇಬ್ಬರೂ ಒಂದೇ ಎತ್ತರ.
ಅನ್ನಕ್ಕಿಟ್ಟ ಕುಕ್ಕರು ಬಿಸಿಯೇರದೆ
ಒಲೆ ಪೀಂ ಪೀಂ ಎನ್ನುತ್ತಿದೆ.
ಯಾವ ಗುಂಡಿ ಒತ್ತಬೇಕೋ
ಅವರಿಗೂ ಗೊತ್ತಿಲ್ಲ, ನನಗೂ.